ಮೂರು ಬಕೆಟ್ಟಿಗೂ ಸೇರದ ರೊಟ್ಟಿ

ರೌಧಾಳ ಮನೆಯಲ್ಲಿ ಈ ಸಲ ಜಗಳ ಹೊತ್ತಿಕೊಂಡದ್ದು ಕಸದಿಂದ. ಅದಕ್ಕೆ ಮುಂಚೆ ಅತ್ತೆ ಸೊಸೆ ಕಿತ್ತಾಡುತ್ತಲೇ ಇರಲಿಲ್ಲ ಅಂತಲ್ಲ. ಕಿತ್ತಾಡುತ್ತಿದ್ದರು. ಆದರೆ ಅವೆಲ್ಲ ಉಪ್ಪು ಹೆಚ್ಚಾಯಿತು, ಸಾಬೂನು ಕರಗಿಹೋಯಿತು ಅನ್ನುವ ಜಾತಿಯ ಜಗಳಗಳು; ಊಟದ ಹೊತ್ತಿಗೆ ಹುಟ್ಟಿ ಚಹಾದ ಹೊತ್ತಿಗೆ ಸತ್ತುಹೋಗುತ್ತಿದ್ದವು. ಕಸದ ಜಗಳಕ್ಕೆ ಮಾತ್ರ ಸಾವಿರಲಿಲ್ಲ. ಬೆಳಗಾದರೆ ಮನೆಯಲ್ಲಿ ಕಸ ಹುಟ್ಟುತ್ತದೆ, ಅದರ ಬೆನ್ನಿಗೇ ಜಗಳವೂ ಹುಟ್ಟುತ್ತಿತ್ತು.

ಅತ್ತೆ ಮಬ್ರೂಕಾ ಮದುವೆಯಾಗಿ ಬಂದಾಗ ಬೀರ್ ಸಾಲಿಹಾ ಅನ್ನುವ ಈ ಊರೆಂದರೆ ಒಂದು ಬಾವಿ, ಸುತ್ತ ಆಲಿವ್ ತೋಪು, ಅಷ್ಟೆ. ಈಗ ಪಟ್ಟಣ ಇಲ್ಲಿಯ ತನಕ ಕಾಲು ಚಾಚಿದೆ, ಮರಕ್ಕಿಂತ ಮನೆ ಜಾಸ್ತಿ. ಆ ಹೊಸ ಮನೆಗಳಿಗೆ ನೆಲಹಾಸು ಕೂರಿಸುವುದೇ ಮಗ ನೌಫಲ್‌ನ ಕಸುಬು, ಹಾಗಾಗಿ ಊರು ಬೆಳೆಯಿತು ಅಂತ ಬಯ್ಯುವ ಹಾಗೂ ಇರಲಿಲ್ಲ. ಆದರೆ ಮನೆ ಹೆಚ್ಚಿದಂತೆ ಕಸವೂ ಹೆಚ್ಚಿತು. ಪಟ್ಟಣದ ಕಸವನ್ನೆಲ್ಲ ತಂದು ಸುರಿಯುತ್ತಿದ್ದ ಬಯಲಿನ ಪಕ್ಕದ ಹಳ್ಳಿಯವರು ಹೊಗೆ ಕುಡಿದೂ ಕುಡಿದೂ ಸಾಕಾಗಿ, ಒಂದು ದಿನ ಹೆಂಗಸರು ಮಕ್ಕಳ ಸಮೇತ ದಾರಿಗೆ ಅಡ್ಡ ಕೂತು ಅದನ್ನು ಮುಚ್ಚಿಸಿಬಿಟ್ಟರು. ಅವರದೇನೂ ತಪ್ಪಿಲ್ಲ, ತಮ್ಮ ಹಿತ್ತಲಲ್ಲಿ ಊರ ಕಸ ಸುಟ್ಟರೆ ಯಾರು ಸುಮ್ಮನಿರುತ್ತಾರೆ? ಹೊಸ ಜಾಗ ಗೊತ್ತಾಗುವ ತನಕ ಲಾರಿ ಬರುವುದು ನಿಂತಿತು. ಬೀದಿಯ ತುದಿಯಲ್ಲಿ ರಾಶಿ ಎದ್ದಿತು. ಮೊದಲು ಮೊಣಕಾಲುದ್ದ, ಆಮೇಲೆ ಆಳುದ್ದ.

ಆ ರಾಶಿಗೆ ಬೆಂಕಿ ಬಿದ್ದು ಮಗಳು ತಸ್ನೀಮ್ ಒಂದು ವಾರ ಕೆಮ್ಮಿದ ಮೇಲೆ ರೌಧಾ ಸುಮ್ಮನಿರಲಿಲ್ಲ. ಬೀದಿಯ ಮನೆಮನೆಗೂ ಹೋಗಿ ಹೆಂಗಸರನ್ನು ಕೂಡಿಸಿದಳು. ಒಂದೊಂದು ಮನೆಗೆ ಮೂರು ಬಕೆಟ್ಟು. ಹಸಿರಿನದಕ್ಕೆ ಸಿಪ್ಪೆ, ಸೊಪ್ಪು, ಉಳಿದ ಅಡುಗೆ; ಅದು ಅಂಗಳದ ಗುಂಡಿಗೆ ಹೋಗಿ ಗೊಬ್ಬರವಾಗಬೇಕು. ನೀಲಿಯದಕ್ಕೆ ಬಾಟಲಿ, ಡಬ್ಬ. ಅದನ್ನು ಆಯುವವರು ಬಂದು ಒಯ್ಯುತ್ತಾರೆ. ಕಪ್ಪಿನದಕ್ಕೆ ಇನ್ನುಳಿದ ದರಿದ್ರ. ಮೂರನ್ನೂ ಬೇರೆ ಮಾಡಿದರೆ ರಾಶಿಗೆ ಹೋಗುವುದು ಒಂದು ಹಿಡಿ ಅಂತ ಅವಳ ವಾದ. ಮೊದಲ ಗುಂಡಿ ತೋಡಿದ್ದು ಅವಳದೇ ಅಂಗಳದಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಆಚೆ. ಅದನ್ನು ನೋಡಿಕೊಂಡು ಬೀದಿಯ ಅರ್ಧ ಮನೆಯವರು ತೋಡಿಕೊಂಡರು. ಇನ್ನರ್ಧ ಮನೆಯವರು ಇದು ಯಾವಾಗ ನಾರುತ್ತದೆ ಅಂತ ಕಾಯುತ್ತಿದ್ದರು.

ಮಬ್ರೂಕಾ ಕಾಯಲಿಲ್ಲ, ಮೊದಲ ದಿನವೇ ಹೇಳಿದಳು. ಮನೆಯ ಅಂಗಳದಲ್ಲಿ ಎಂಜಲು ಹೂಳುವುದು ಎಲ್ಲಿಯ ಪದ್ಧತಿ? ಇಲಿ ಬರುತ್ತೆ, ಹುಳ ಬರುತ್ತೆ, ಅದರ ಹಿಂದೆ ಹಾವೂ ಬರುತ್ತೆ. ಶುಕ್ರವಾರ ಕುಸ್ಕುಸ್ ತಟ್ಟೆಯ ಸುತ್ತ ಕೂತಾಗಲೂ ಅದೇ ಮಾತು.

"ಮನೆಗೆ ಮಾರಿ, ಊರಿಗೆ ಉಪಕಾರಿ," ಅಂದಳು ಕುಂಬಳಕಾಯಿ ಹೋಳನ್ನು ಮೊಮ್ಮಗಳ ಕಡೆ ತಳ್ಳುತ್ತಾ. "ಬೀದಿಯ ಕಸದ ಚಿಂತೆ ಇವಳಿಗೆ. ನನ್ನ ಕಾಲಿನ ಕೆಳಗಿನ ಕಸ ಯಾರು ನೋಡಬೇಕು?"

"ಒಂದು ಇಲಿ ಬರಲಿ ಉಮ್ಮಿ, ಅವತ್ತೇ ನಾನೇ ಗುಂಡಿ ಮುಚ್ತೀನಿ," ಅಂದಳು ರೌಧಾ.

ಆಡಿದ ಮಾತು ಆಯಿತಲ್ಲ, ಅದೇ ಅವಳ ಕೊರಳಿಗೆ ಸುತ್ತಿಕೊಂಡಿತು.

ಇನ್ನು ಒಂದು ವಿಷಯದಲ್ಲಿ ಆ ಮನೆಯಲ್ಲಿ ಜಗಳವೇ ಇರಲಿಲ್ಲ. ಒಣಗಿದ ರೊಟ್ಟಿ ಯಾವ ಬಕೆಟ್ಟಿಗೂ ಸೇರುವುದಲ್ಲ. ಈ ಬೀದಿಯಲ್ಲಿ ಏನು, ಈ ದೇಶದಲ್ಲೇ ರೊಟ್ಟಿಯನ್ನು ಕಸಕ್ಕೆ ಹಾಕಿದವರಿಲ್ಲ. ಅದು ಬೇರೆ ಚೀಲಕ್ಕೆ, ಆ ಚೀಲ ಹೊರಬಾಗಿಲ ಮೊಳೆಗೆ. ಹೆಶ್ಮಿ ಅನ್ನುವ ಮುದುಕ ಮೂರು ಚಕ್ರದ ಗಾಡಿಯಲ್ಲಿ ಬಂದು ಅವನ್ನೆಲ್ಲ ಬಿಚ್ಚಿಕೊಂಡು ತನ್ನ ಕುರಿಗಳಿಗೆ ಒಯ್ಯುತ್ತಿದ್ದ. ನೆಲದ ಮೇಲೆ ಒಂದು ಚೂರು ಬಿದ್ದಿದ್ದರೂ ಮಬ್ರೂಕಾ ದಾಟಿ ಹೋದವಳಲ್ಲ. ಬಗ್ಗಿ ಎತ್ತಿ, ಮುತ್ತಿಟ್ಟು, ಹಣೆಗೆ ಒತ್ತಿಕೊಂಡು, ಎತ್ತರದ ಜಾಗದಲ್ಲಿ ಇಡುವಳು. ಎದೆಯ ಕಾಯಿಲೆಗೆ ರಕ್ತ ತೆಳು ಮಾಡುವ ಗುಳಿಗೆ ನುಂಗುವವಳು, ಎಡಗಣ್ಣಿಗೆ ಪೊರೆ ಬಂದವಳು, ಬಗ್ಗಿದರೆ ತಲೆ ಸುತ್ತುತ್ತಿತ್ತು. ಆದರೂ ಬಗ್ಗುತ್ತಿದ್ದಳು.

ಇಲಿ ಬಂದೇ ಬಂತು. ಒಂದು ಬೆಳಿಗ್ಗೆ ತಸ್ನೀಮ್‌ಳ ಹಾಸಿಗೆ ಕೊಡವುವಾಗ ದಿಂಬಿನ ಪಕ್ಕ ಹಿಕ್ಕೆ ಬಿತ್ತು. ರೌಧಾ ನಿಂತಲ್ಲೇ ನಿಂತಳು. ಮಗು ಮಲಗಿದ್ದ ಜಾಗ, ಅದರ ಕಿವಿಯ ಪಕ್ಕ. ಮಧ್ಯಾಹ್ನ ಒಗೆಯುವ ಕಲ್ಲಿನ ಹಿಂದಿನಿಂದ ಅದು ಹಾಡುಹಗಲೇ ಹೊರಬಂದು, ಅವಳನ್ನು ನೋಡಿ, ಹೆದರದೆ, ನಿಧಾನವಾಗಿ ಗೋಡೆ ಗುಂಟ ನಡೆದು ಹೋಯಿತು. ಮೊಣಕೈ ಉದ್ದದ ಇಲಿ.

ಗುಂಡಿಯಿಂದ ಬಂತೋ, ಬೀದಿ ತುದಿಯ ರಾಶಿಯಿಂದ ಬಂತೋ, ಯಾರು ಬಲ್ಲರು? ಆದರೆ ಜನ ಏನು ಹೇಳುತ್ತಾರೆ ಅನ್ನುವುದು ಗೊತ್ತಿತ್ತು. ಎದುರುಮನೆ ವಸೀಲಾಗೆ ಗೊತ್ತಾದರೆ ಸಂಜೆಯೊಳಗೆ ಇಡೀ ಬೀದಿ ಗುಂಡಿ ಮುಚ್ಚುತ್ತದೆ. ಇಷ್ಟು ವಾರದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗುತ್ತದೆ. ಅದಕ್ಕೇ ಅವಳು ಗಂಡನಿಗೂ ಹೇಳಲಿಲ್ಲ. ವಾರದ ಸಂತೆಗೆ ಹೋಗಿ ವಿಷದ ಪುಡಿ ತಂದಳು. ತಿಂದ ಕೂಡಲೇ ಸಾಯಲ್ಲ ಅಕ್ಕ, ಅಂತ ಮಾರುವವನು ಹೆಮ್ಮೆಯಿಂದ ಹೇಳಿದ್ದ. ನಾಲ್ಕಾರು ದಿನ ಒಳಗೊಳಗೇ ರಕ್ತ ಸೋರಿ ಸಾಯುತ್ತೆ, ಹಾಗಾಗಿ ಮಿಕ್ಕ ಇಲಿಗಳಿಗೆ ಗುಮಾನಿ ಬರಲ್ಲ.

ಇಲಿ ರೊಟ್ಟಿಗಲ್ಲದೆ ಬೇರೆ ಯಾವುದಕ್ಕೂ ಬಾಯಿ ಹಾಕುವುದಿಲ್ಲ ಅಂತಲೂ ಅವನೇ ಹೇಳಿದ್ದು. ಅತ್ತೆ ಒಳಗೆ ಮಲಗಿದ ಮೇಲೆ ರೌಧಾ ರೊಟ್ಟಿ ಮುರಿದು, ಪುಡಿ ಉದುರಿಸಿ, ಆಲಿವ್ ಎಣ್ಣೆ ಸವರಿದಳು. ಒಂದೆರಡು ತುಂಡಿಗೆ ಡಬ್ಬಿಯ ಮೀನನ್ನೂ ಹಚ್ಚಿದಳು, ಆಸೆಗೆ. ರೊಟ್ಟಿಯನ್ನು ನೆಲಕ್ಕೆ ಇಡುವುದು ಹುಟ್ಟಿದಾಗಿನಿಂದ ಮಾಡದ ಕೆಲಸ. ಕಲ್ಲಿನ ಹಿಂದೆ, ಗೋಡೆಯ ಗುಂಟ ಇಟ್ಟು, ತಪ್ಪಾಯಿತು ಅಂತ ದೇವರಿಗೆ ಹೇಳಿ, ಕೈ ಮೂರು ಸಲ ತೊಳೆದಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಮಿಕ್ಕಿದ್ದನ್ನು ತೆಗೆದುಬಿಡುವುದು ಅಂತ ಲೆಕ್ಕ.

ಬೆಳಿಗ್ಗೆ ಎದ್ದು ನೋಡಿದರೆ ಒಂದು ಚೂರೂ ಇಲ್ಲ. ಎಲ್ಲ ತಿಂದು ಹೋಗಿವೆ ಅಂತ ರೌಧಾಗೆ ಸಮಾಧಾನವಾಯಿತು. ಅವತ್ತು ಅತ್ತೆಗೆ ಕೇಳದೆಯೇ ಎರಡನೇ ಲೋಟ ಚಹಾ ಕೊಟ್ಟಳು.

ಮಾರನೇ ದಿನ ಮಧ್ಯಾಹ್ನ, ನೌಫಲ್ ಮೈಯೆಲ್ಲ ಸಿಮೆಂಟು ಮಾಡಿಕೊಂಡು ಊಟಕ್ಕೆ ಬಂದಿದ್ದ. ಮಬ್ರೂಕಾ ಸಾರಿನ ಬಟ್ಟಲು ಮುಂದಿಟ್ಟುಕೊಂಡು ಮಗನಿಗೆ ದೂರು ಶುರು ಮಾಡಿದಳು. ಈ ಮಾತನ್ನು ಅವನ ಮುಂದೆಯೇ ಆಡಬೇಕು ಅಂತ ಒಂದು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು.

"ನಿನ್ನ ಹೆಂಡತಿ ಸಿಪ್ಪೆಗೆ ಬಕೆಟ್ಟು ಇಟ್ಟಳು, ಡಬ್ಬಕ್ಕೆ ಬಕೆಟ್ಟು ಇಟ್ಟಳು, ರೊಟ್ಟಿಯನ್ನ ಮಾತ್ರ ನೆಲಕ್ಕೆ ಎಸೆದಿದಾಳೆ. ನಿನ್ನೆ ಬೆಳಗಿನ ಜಾವ ನಮಾಜಿಗೆ ನೀರು ತಗೊಳ್ಳೋಕೆ ಹೋದೆ, ಕಲ್ಲಿನ ಹಿಂದೆ ಎಲ್ಲಾ ಚೂರು. ನಾನು ಒಂದೊಂದಾಗಿ ಎತ್ತಿದೆ."

ರೌಧಾಳ ಕೈಯಲ್ಲಿದ್ದ ಚಮಚ ಬಟ್ಟಲಿಗೆ ತಾಗಿ ಸದ್ದಾಯಿತು.

"ಎತ್ತಿ ಏನು ಮಾಡಿದ್ರಿ ಉಮ್ಮಿ? ಎಲ್ಲಾ ಚೀಲಕ್ಕೆ ಹಾಕಿದ್ರಾ?"

"ಮತ್ತೆ ನಿನ್ನ ಹಾಗೆ ಕಸಕ್ಕೆ ಹಾಕ್ತೀನಾ?" ಅಂದಳು ಮಬ್ರೂಕಾ.

ಬಾಗಿಲಿಗೆ ಓಡಿ ನೋಡಿದರೆ ಮೊಳೆ ಬರಿದಾಗಿತ್ತು. ಹೆಶ್ಮಿ ಬಂದು ಹೋಗಿದ್ದ.

ಆಗಲೇ ಬಾಯಿ ಬಿಟ್ಟಿದ್ದರೆ! ಆದರೆ ಹೆದರಿದವರ ಬುದ್ಧಿ ಹಾಗೆಲ್ಲ ನೆಟ್ಟಗೆ ನಡೆಯುವುದಿಲ್ಲ. ಬಾಯಿ ಬಿಟ್ಟರೆ ಇಲಿಯ ವಿಷಯ ಹೇಳಬೇಕು, ಇಲಿಯ ವಿಷಯ ಹೇಳಿದರೆ ಗುಂಡಿ ಮುಚ್ಚಬೇಕು, ರೊಟ್ಟಿಗೆ ವಿಷ ಹಾಕಿದವಳು ಅನ್ನುವ ಹೆಸರು ಸಾಯುವ ತನಕ ಹೊರಬೇಕು. ನಾನೇ ಹೋಗಿ ಆ ಚೀಲ ವಾಪಸು ತಂದರೆ ಮುಗಿಯಿತಲ್ಲ ಅಂದುಕೊಂಡಳು. ಮದುವೆಯ ಉಂಗುರ ಬಿಚ್ಚಿ ಒಳಗಿನ ಜೇಬಿಗೆ ಹಾಕಿಕೊಂಡು, ತಲೆವಸ್ತ್ರ ಸುತ್ತಿ, ತೋಪಿನ ಆಚೆಗಿದ್ದ ಹೆಶ್ಮಿಯ ದೊಡ್ಡಿಗೆ ಹೊರಟಳು.

ಹೆಶ್ಮಿ ಒಳ್ಳೆಯವನು. ಉಂಗುರ ರೊಟ್ಟಿ ಚೀಲದಲ್ಲಿ ಬಿದ್ದಿದೆ ಕಾಕಾ, ಅಂತ ಅವಳು ಹೇಳಿದ್ದೇ ತಡ, ರೊಟ್ಟಿಯ ಮೇಲಿನ ಹೊದಿಕೆ ಸರಿಸಿ ತೋರಿಸಿದ. ಚೀಲ ಎಲ್ಲಿಯದು? ಎಲ್ಲ ಬೀದಿಯ ರೊಟ್ಟಿಯೂ ಒಂದೇ ರಾಶಿ. ಗೋಡೆಯ ಮೂಲೆಯಲ್ಲಿ ಬೆಟ್ಟದ ಹಾಗೆ ಸುರಿದಿತ್ತು. ಅವಳು ಮಂಡಿಯೂರಿ ಕೆದಕಿದಳು, ಮೂಸಿದಳು. ಎಣ್ಣೆ ಮೆತ್ತಿದ ತುಂಡು ಒಂದೆರಡು ಸಿಕ್ಕವು, ಜೇಬಿಗೆ ಹಾಕಿಕೊಂಡಳು. ಮಿಕ್ಕವು ಎಲ್ಲಿ? ಮೇಲಿನದನ್ನು ನಿನ್ನೆಯೇ ಕುರಿಗಳಿಗೆ ಹಾಕಿದೀನಿ ಮಗಳೇ, ಅಂದ ಹೆಶ್ಮಿ. ಮೆತ್ತಗಿರುವುದನ್ನು ಮನೆಯವಳು ನೀರಲ್ಲಿ ನೆನೆಸಿ ಮರಿಗಳಿಗೆ ಕೊಡ್ತಾಳೆ. ಕುರಿ ಹಬ್ಬ ಹತ್ತಿರವಾಗಿತ್ತು. ದೊಡ್ಡಿಯ ತುಂಬ ಕೊಬ್ಬಿದ ಕುರಿಗಳು. ಅವು ಮೆಲುಕು ಹಾಕುತ್ತಾ ಅವಳನ್ನೇ ನೋಡುತ್ತಿದ್ದವು. ನೀನು ಹೋಗು, ನಾನು ಹುಡುಕಿ ಇಡ್ತೀನಿ, ಬಂಗಾರ ಎಲ್ಲಿಗೆ ಹೋಗುತ್ತೆ ಅಂತ ಹೆಶ್ಮಿ ಧೈರ್ಯ ಹೇಳಿ ಕಳಿಸಿದ.

ಆಮೇಲಿನ ದಿನಗಳಲ್ಲಿ ರೌಧಾ ಉಂಡದ್ದು ಮೈಗೆ ಹತ್ತಲಿಲ್ಲ. ಬೀದಿಯಲ್ಲಿ ಮೂರು ಚಕ್ರದ ಗಾಡಿಯ ಸದ್ದು ಕೇಳಿದರೆ ಬಾಗಿಲ ಸಂದಿಯಿಂದ ಇಣುಕುತ್ತಿದ್ದಳು. ಕುರಿ ಸತ್ತರೆ ಒಂದು ಮಾತು. ಸಾಯದೆ ಹಬ್ಬಕ್ಕೆ ಮಾರಾಟವಾದರೆ? ಅದನ್ನು ಕಡಿದು ಯಾರ ಮನೆಯ ಮಕ್ಕಳು ತಿನ್ನುತ್ತಾರೋ? ಅಡುಗೆಮನೆಯಲ್ಲಿ ನಿಂತು ಹರೀಸ್ಸ ಖಾರ ಅರೆಯುವಾಗ ಮೆಣಸಿನಕಾಯಿಯ ಕೆಂಪು ಕಂಡರೂ ಮುಖ ತಿರುಗಿಸುತ್ತಿದ್ದಳು. ಹಸಿರು ಬಕೆಟ್ಟಿಗೆ ಪ್ಲಾಸ್ಟಿಕ್ಕು ಹಾಕಿದಳು, ನೀಲಿಯದಕ್ಕೆ ಮೊಟ್ಟೆ ಸಿಪ್ಪೆ ಹಾಕಿದಳು. ಬೀದಿಗೆಲ್ಲ ಪಾಠ ಹೇಳಿದ ಗುರುವಮ್ಮನ ಗತಿ ನೋಡು ಅಂತ ನೌಫಲ್ ನಕ್ಕ. ಅವಳು ನಗಲಿಲ್ಲ.

ಅತ್ತೆಯ ಮುಂಗೈ ಮೇಲೆ ನೀಲಿ ಕಲೆ ಎದ್ದಿದ್ದನ್ನು ನೋಡಿದಳು. ಬಾಗಿಲಿಗೆ ಬಡಿದುಕೊಂಡೆ ಕಾಣುತ್ತೆ, ವಯಸ್ಸಾಯಿತಲ್ಲ, ಅಂದಳು ಮಬ್ರೂಕಾ. ನೀರಿನ ತೊಟ್ಟಿಯ ಹತ್ತಿರ ಬಾಯಿ ಮುಕ್ಕಳಿಸಿ ಉಗಿದಾಗ ನೀರು ತಿಳಿಗೆಂಪಾಗಿದ್ದನ್ನೂ ನೋಡಿದಳು. ಹಲ್ಲುಜ್ಜುವ ಕಡ್ಡಿ ಒರಟು, ಅಂದಳು ಮುದುಕಿ. ರೌಧಾ ಹೂಂ ಅಂದಳು. ಅವಳ ಕಿವಿಯೆಲ್ಲ ಬೀದಿಯ ಕಡೆಗಿತ್ತು. ಕುರಿಗಳ ಭಯದಲ್ಲಿ ಮನೆಯೊಳಗಿನ ಮನುಷ್ಯರು ಕಾಣದಷ್ಟು ಕುರುಡಾಗಿದ್ದಳು.

ಕೊನೆಗೆ ಒಂದು ಸಂಜೆ ಗಾಡಿ ಬಂದು ಬಾಗಿಲಲ್ಲೇ ನಿಂತಿತು. ಹೆಶ್ಮಿಯ ಮುಖ ಬಾಡಿತ್ತು. ಅಂಗಳದಲ್ಲಿ ನೌಫಲ್ ಕಾಲು ತೊಳೆಯುತ್ತಿದ್ದ, ಮಬ್ರೂಕಾ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಎರಡು ಕುರಿಗಳ ಮೂಗಿಂದ ರಕ್ತ ಬರ್ತಾ ಇದೆ, ಒಂದು ಎದ್ದೇ ಇಲ್ಲ ಅಂತ ಅವನು ನೌಫಲ್‌ಗೆ ಹೇಳಿದ. ಏನು ರೋಗವೋ, ದೇವರೇ ಬಲ್ಲ. ಅಷ್ಟರಲ್ಲಿ ರೌಧಾ ಹೊರಗೆ ಬಂದಳು. ಅವನು ಅವಳ ಕೈ ನೋಡಿದ. ಉಂಗುರ ಬೆರಳಿಗೆ ವಾಪಸು ಬಂದಿತ್ತು, ಅವಳಿಗದು ಮರೆತೇ ಹೋಗಿತ್ತು.

"ಸಿಕ್ಕಿತಾ ಮಗಳೇ?" ಅಂದ ಹೆಶ್ಮಿ. ಅಷ್ಟು ದುಃಖದಲ್ಲೂ ಅವನ ಮುಖ ಅರಳಿತು. "ನಾನೂ ನನ್ನ ಮನೆಯವಳೂ ಆ ರಾಶಿಯನ್ನ ಚೂರು ಚೂರು ಕೈಯಾಡಿಸಿದ್ವಿ. ಸದ್ಯ, ಸಿಕ್ಕಿತಲ್ಲ."

ರೌಧಾ ಉಂಗುರ ನೋಡಿಕೊಂಡಳು. ಇನ್ನು ಮುಚ್ಚಿಡಲು ಅವಳಲ್ಲಿ ತ್ರಾಣವಿರಲಿಲ್ಲ. ಇಲಿ ಬಂದದ್ದು, ಗುಂಡಿಗೆ ಕೆಟ್ಟ ಹೆಸರು ಬಂದೀತು ಅಂತ ಹೆದರಿದ್ದು, ರೊಟ್ಟಿಗೆ ವಿಷ ಹಾಕಿದ್ದು, ಉಂಗುರದ ಸುಳ್ಳು, ಎಲ್ಲವನ್ನೂ ನೆಲ ನೋಡಿಕೊಂಡು ಹೇಳಿದಳು. ಉಳಿದ ರೊಟ್ಟಿ ಯಾರಿಗೂ ಹಾಕಬೇಡಿ ಕಾಕಾ, ಆ ಕುರಿಗಳನ್ನ ಮಾರಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ ಅಂದಳು. ನೌಫಲ್ ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟ. ಇಲಿಗೆ ಹೆದರಿ ಮನೆಗೆ ಬೆಂಕಿ ಹಚ್ಚಿದೆಯಲ್ಲೇ, ಅಂದ. ಹೆಶ್ಮಿ ಆ ರಾಶಿಯಲ್ಲಿ ಕೈಯಾಡಿಸಿದ್ದ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ.

ಮಬ್ರೂಕಾ ಬಯ್ಯುತ್ತಾಳೆ ಅಂತ ಎಲ್ಲರೂ ಕಾದರು. ಅವಳು ಬಯ್ಯಲಿಲ್ಲ.

"ಮೀನು ಹಚ್ಚಿದ್ದೆಯಲ್ಲ, ಆ ತುಂಡುಗಳಿಗೂ ಹಾಕಿದ್ದೆಯಾ?" ಅಂತ ಮೆಲ್ಲಗೆ ಕೇಳಿದಳು.

ರೌಧಾ ತಲೆಯೆತ್ತಿದಳು.

"ಕುರಿ ಮೀನು ಮುಟ್ಟಲ್ಲ, ಹಾಗಾಗಿ ಚೀಲಕ್ಕೆ ಹಾಕೋ ಹಾಗಿರಲಿಲ್ಲ," ಅಂದಳು ಮುದುಕಿ. "ರೊಟ್ಟಿ ಅಂದಮೇಲೆ ಕಸಕ್ಕೂ ಹಾಕೋ ಹಾಗಿರಲಿಲ್ಲ. ನಿನ್ನ ಮೂರು ಬಕೆಟ್ಟಲ್ಲಿ ಯಾವುದಕ್ಕೂ ಸೇರಲಿಲ್ಲ ಕಣೇ. ಬಿಸ್ಮಿಲ್ಲಾ ಅಂತ ಹೇಳಿ ನಾನೇ ತಿಂದೆ."

ಹೇಳಿ ಮುಗಿಸಿ, ತುಟಿಯ ಅಂಚನ್ನು ತಲೆವಸ್ತ್ರದ ಸೆರಗಿನಿಂದ ಒರೆಸಿಕೊಂಡಳು. ಸೆರಗಿನ ಮೇಲೆ ಕೆಂಪು ಮೂಡಿತು. ಆಗ ರೌಧಾಗೆ ಮುಂಗೈಯ ಕಲೆ, ತೊಟ್ಟಿಯ ನೀರು, ಎಲ್ಲ ಒಟ್ಟಿಗೆ ಕಣ್ಣಿಗೆ ಬಂದವು.

ನೌಫಲ್ ಬಾಡಿಗೆ ಕಾರು ಕರೆಸಿದ. ಅದು ಬೀದಿಯ ತುದಿಯ ತನಕ ಬಂತು, ಒಳಗೆ ಬರಲಿಲ್ಲ. ಕಸದ ರಾಶಿ ಜರಿದು ದಾರಿಯ ಅಡ್ಡಗಲಕ್ಕೂ ಹರಡಿತ್ತು. ಚಾಲಕ ನೋಡಿದವನೇ ಹಿಂದಕ್ಕೆ ತಿರುಗಿಸಿಕೊಂಡು ಹೋದ. ನಡೆಸಬೇಕೆಂದರೆ ಮಬ್ರೂಕಾಳ ಕಾಲು ನಿಲ್ಲುತ್ತಿರಲಿಲ್ಲ. ಹೆಶ್ಮಿ ತನ್ನ ಗಾಡಿಯಲ್ಲಿದ್ದ ಖಾಲಿ ಗೋಣಿಗಳನ್ನು ಮಡಿಸಿ ಹಾಸಿದ. ಅವನ ಕುರಿಗಳು ಅಲ್ಲಿ ಸಾಯುತ್ತಿದ್ದವು. ಅವನು ಇಲ್ಲಿ ಗಾಡಿ ತಿರುಗಿಸಿದ. ರಾಶಿಯ ಅಂಚಿನಲ್ಲಿ ಒಂದು ಚಕ್ರ ಕಸದ ಮೇಲೆ, ಎರಡು ಚಕ್ರ ಮಣ್ಣಿನ ಮೇಲೆ ಹೊರಳಾಡುತ್ತಾ ದಾಟಿತು. ಅತ್ತೆಯ ತಲೆ ರೌಧಾಳ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಅವಳು ಆ ಬಾಯನ್ನೇ ಒರೆಸುತ್ತಿದ್ದಳು, ಒರೆಸಿದಷ್ಟೂ ಬರುತ್ತಿತ್ತು.

ಆಸ್ಪತ್ರೆಯಲ್ಲಿ ವಿಷದ ಪೊಟ್ಟಣ ನೋಡಿ, ಎದೆಯ ಗುಳಿಗೆಯ ಹೆಸರು ಕೇಳಿ, ವೈದ್ಯೆ ಮುಖ ಗಂಟಿಕ್ಕಿದಳು. ಮೊದಲೇ ತೆಳುವಾದ ರಕ್ತ, ಅದರ ಮೇಲೆ ಇದು. ಚುಚ್ಚುಮದ್ದು ಕೊಡುತ್ತೇವೆ, ರಕ್ತ ಹಾಕುತ್ತೇವೆ, ಮಾತು ಕೊಡಲಾರೆ ಅಂದಳು. ಹೆಶ್ಮಿಯ, ಅವನ ಹೆಂಡತಿಯ ರಕ್ತವನ್ನೂ ಪರೀಕ್ಷೆ ಮಾಡಿದರು. ಅವರಿಬ್ಬರಿಗೆ ಏನೂ ಆಗಿರಲಿಲ್ಲ.

ಮಾರನೇ ಬೆಳಿಗ್ಗೆ ರೌಧಾ ಯಾವುದಕ್ಕೆ ಹೆದರಿದ್ದಳೋ ಆ ಕೆಲಸವನ್ನು ತಾನೇ ಮಾಡಿದಳು. ಬೀದಿಯ ಒಂದೊಂದೇ ಬಾಗಿಲು ತಟ್ಟಿ, ನಮ್ಮ ಮನೆಯಲ್ಲಿ ಇಲಿ ಬಂದಿತ್ತು, ನಾನು ರೊಟ್ಟಿಗೆ ವಿಷ ಹಾಕಿದ್ದೆ, ಹೆಶ್ಮಿ ಕಾಕಾ ಹೇಳುವ ತನಕ ಚೀಲ ಹೊರಗೆ ನೇತುಹಾಕಬೇಡಿ, ಅಂತ ಹೇಳಿದಳು. ಕೆಲವರು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಕೆಲವರು ಮಾತು ಮುಗಿಯುವ ಮೊದಲೇ ಬಾಗಿಲು ಹಾಕಿದರು. ವಸೀಲಾ ಪೂರ್ತಿ ಕೇಳಿಸಿಕೊಂಡು, ಸಂಜೆಯೊಳಗೆ ತನ್ನ ಅಂಗಳದ ಗುಂಡಿಗೆ ಮಣ್ಣು ಎಳೆದಳು. ಅವಳ ಹಿಂದೆ ಇನ್ನೂ ಕೆಲವರು ಎಳೆದರು. ಎಲ್ಲರೂ ಎಳೆಯಲಿಲ್ಲ.

ಹೆಶ್ಮಿ ಆ ರೊಟ್ಟಿಯ ಬೆಟ್ಟವನ್ನು ಸುಡಲಾರ, ರಾಶಿಗೆ ಎಸೆಯಲಾರ. ತೋಪಿನ ಬದುವಿನಲ್ಲಿ ಹೆಣ ಹೂಳುವಷ್ಟು ಆಳ ತೋಡಿದರು. ನೌಫಲ್ ಅಗೆದ, ರೌಧಾ ಬುಟ್ಟಿಯಲ್ಲಿ ತುಂಬಿ ತುಂಬಿ ಸುರಿದಳು. ಸತ್ತ ಕುರಿಗಳನ್ನು ಬೇರೆ ಹೂಳಿದರು. ಆ ವರ್ಷ ರೌಧಾಳ ಮನೆಯವರು ಹಬ್ಬಕ್ಕೆ ಕುರಿ ಕೊಳ್ಳಲಿಲ್ಲ, ಆ ದುಡ್ಡು ಹೆಶ್ಮಿಗೆ ಹೋಯಿತು. ಸಾಲಲಿಲ್ಲ, ಅವನು ಮತ್ತೆ ಕೇಳಲೂ ಇಲ್ಲ. ಹಬ್ಬಕ್ಕೆ ಕುರಿಯಿಲ್ಲ ಅಂತ ತಸ್ನೀಮ್ ಅತ್ತಳು, ಅಷ್ಟೆ.

ಕೆಲವು ವಾರದ ಮೇಲೆ ಲಾರಿ ಬಂತು. ರಾಶಿಯನ್ನು ಎತ್ತಿ ಎಲ್ಲಿಗೋ ಒಯ್ದಿತು. ಯಾವ ಹಳ್ಳಿಯವರ ಹಿತ್ತಲಿಗೋ ಗೊತ್ತಿಲ್ಲ. ಇಲಿ ಗುಂಡಿಯದೋ ರಾಶಿಯದೋ ಅನ್ನುವುದೂ ಇವತ್ತಿನ ತನಕ ಗೊತ್ತಾಗಲಿಲ್ಲ. ರೌಧಾ ತನ್ನ ಗುಂಡಿಯನ್ನು ಮುಚ್ಚಿಯೇಬಿಟ್ಟಿದ್ದಳು, ಆಡಿದ ಮಾತಿಗೆ. ಆದರೆ ಅತ್ತೆ ಆಸ್ಪತ್ರೆಯಿಂದ ಬಂದ ದಿನ ಅದನ್ನು ನೋಡಿ, ಸಿಪ್ಪೆ ಎಲ್ಲಿಗೆ ಹಾಕ್ತಿದೀಯಾ, ಮತ್ತೆ ಬೀದಿಗಾ, ಅಂತ ಕೇಳಿದಳು. ಮಾರನೇ ದಿನ ನೌಫಲ್ ಅದನ್ನೇ ತೋಡಿ, ಸುತ್ತ ಕಲ್ಲು ಕೂರಿಸಿ, ಮೇಲೆ ಭಾರದ ಮುಚ್ಚಳ ಮಾಡಿಕೊಟ್ಟ.

ಬದುಕಿ ಬಂದಳು ಅನ್ನುವುದೇ ದೊಡ್ಡದು. ಆದರೆ ಮಬ್ರೂಕಾ ಮೊದಲಿನ ಹಾಗಿರಲಿಲ್ಲ. ತಟ್ಟೆಯಲ್ಲಿ ಬಡಿಸಿದ್ದನ್ನು ಒಂದು ಗಳಿಗೆ ನೋಡಿ ಆಮೇಲೆ ಕೈ ಹಾಕುತ್ತಿದ್ದಳು. ರೌಧಾ ಮೊದಲ ತುತ್ತು ತಾನು ತಿಂದು ತೋರಿಸುವುದನ್ನು ರೂಢಿ ಮಾಡಿಕೊಂಡಳು.

ಒಂದು ಬೆಳಿಗ್ಗೆ ತಸ್ನೀಮ್ ಶಾಲೆಗೆ ಓಡುವ ಅವಸರದಲ್ಲಿ ಕೈಯಲ್ಲಿದ್ದ ರೊಟ್ಟಿಯನ್ನು ಅಂಗಳಕ್ಕೆ ಬೀಳಿಸಿ ಹೋದಳು. ಎಣ್ಣೆ ಸವರಿದ ರೊಟ್ಟಿ. ಚಾಪೆಯ ಮೇಲಿದ್ದ ಮಬ್ರೂಕಾ ಅಭ್ಯಾಸಬಲದಿಂದ ಬಗ್ಗಿ ಕೈ ಚಾಚಿದಳು. ಚಾಚಿದ ಕೈ ನಡುದಾರಿಯಲ್ಲಿ ನಿಂತಿತು. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರೌಧಾ ಅದನ್ನು ನೋಡಿದಳು. ಇಷ್ಟು ವರ್ಷ ನೆಲದ ಚೂರು ಬಿಡದೆ ಎತ್ತಿದ ಕೈ ಅದು.

"ಬಾ ಇಲ್ಲಿ," ಅಂದಳು ಮಬ್ರೂಕಾ. "ಇದು ದೇವರು ಕೊಟ್ಟದ್ದೋ, ನೀನು ಇಟ್ಟದ್ದೋ, ಹೇಳು."

ರೌಧಾ ಬಂದು, ಬಗ್ಗಿ, ಆ ತುಂಡನ್ನು ಎತ್ತಿದಳು. ಮುತ್ತಿಟ್ಟಳು, ಹಣೆಗೆ ಒತ್ತಿಕೊಂಡಳು, ಇಡಿಯಾಗಿ ಬಾಯಿಗೆ ಹಾಕಿಕೊಂಡಳು. ಮಣ್ಣು ಕರಕರ ಅಂತು. ಅತ್ತೆ ಅವಳ ಗಂಟಲನ್ನೇ ನೋಡುತ್ತಿದ್ದಳು, ತುತ್ತು ಇಳಿಯುವ ತನಕ.

ಆಮೇಲೆ ತನ್ನ ಪಕ್ಕದಲ್ಲಿದ್ದ ನೀರಿನ ಚೊಂಬನ್ನು ಸೊಸೆಯ ಕಡೆಗೆ ಸರಿಸಿದಳು.

"ಕುಡಿ," ಅಂದಳು. "ಗಂಟಲಿಗೆ ಸಿಕ್ಕೀತು."